ಮೂಲೆಯ ಕರಿ ಮನೆ

ಶನಿವಾರ ಮಾರ್ಕೆಟ್ ಯಾರ್ಡಿಗೆ ಸೂಟಿ. ಪುಣೆಯ ಗುಲ್‌ಟೇಕಡಿಯ ಆ ದೊಡ್ಡ ಪೇಟೆಯಲ್ಲಿ ಹಣ್ಣು, ಕಾಯಿಪಲ್ಲೆ, ಉಳ್ಳಾಗಡ್ಡಿ-ಬಟಾಟೆಯ ಸಾಲುಗಳು ಅಂದು ಮುಚ್ಚಿರುತ್ತವೆ. ಹಾಗಾಗಿ ನಾನು ಹೇಳಹೊರಟ ಆಟ ಶನಿವಾರವೇ ನಡೆಯಿತು ಅನ್ನುವುದರಲ್ಲಿ ಅನುಮಾನವಿಲ್ಲ; ಬೇರೆ ಯಾವ ವಾರ ಇಟ್ಟಿದ್ದರೂ ನಮ್ಮ ಕಾಕಾ ಬರುತ್ತಿರಲಿಲ್ಲ. ವರ್ಷ ಯಾವುದು ಅಂತ ಕೇಳಿದರೆ ಮಾತ್ರ ತಡವರಿಸುತ್ತೇನೆ. ಎಲ್ಲರ ಕಿಸೆಗೂ ಮೊಬೈಲು ಬಂದಿತ್ತು, ಅದರೊಳಗೆ ಚೆಸ್ ಇನ್ನೂ ಅಷ್ಟಾಗಿ ಬಂದಿರಲಿಲ್ಲ. ಮಳೆಗಾಲ. ಅಷ್ಟು ಸಾಕು ಅಂದುಕೊಳ್ಳಿ.

ಕಾಕಾ ಅಂದರೆ ನನ್ನ ಅಪ್ಪನ ಕಡೇ ತಮ್ಮ. ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು, ನಿಂಬೆ ತೋಟಗಳ ಸೀಮೆ. 1972ರ ಬರ ಆ ಕಡೆಯ ಮನೆಮನೆಯಿಂದಲೂ ಯಾರನ್ನಾದರೂ ಎಬ್ಬಿಸಿ ಕಳಿಸಿತು. ನಮ್ಮ ಮನೆಯಿಂದ ಎದ್ದವನು ಕಾಕಾ. ಆಗಿನ್ನೂ ಮೀಸೆ ಮೂಡಿರಲಿಲ್ಲವಂತೆ. ಪುಣೆಗೆ ಬಂದು ಮೊದಲು ಚೀಲ ಹೊತ್ತ. ಆಗ ಒಂದು ಚೀಲ ಅಂದರೆ ನೂರು ಕಿಲೋ. ಇವನಿಗೆ ಓದುಬರಹ ಬರುತ್ತದೆ, ಲೆಕ್ಕ ಬಾಯಲ್ಲೇ ಮಾಡುತ್ತಾನೆ ಅನ್ನುವುದು ಗೊತ್ತಾದ ಮೇಲೆ ಉಳ್ಳಾಗಡ್ಡಿ ಸಾಲಿನ ಅಡತಿಯವರೊಬ್ಬರು ಅವನನ್ನು ಗಾದಿಯ ಮೇಲೆ ಕೂಡಿಸಿದರು. ಅಲ್ಲಿಂದ ಮುಂದೆ ಅವನು ದಿವಾಣಜಿ. ರೈತ ತಂದ ಮಾಲಿನ ತೂಕ, ದರ, ಅದರಲ್ಲಿ ಹಮಾಲಿ ಎಷ್ಟು, ತೂಕದವರ ಕೂಲಿ ಎಷ್ಟು ಎಂದು ಕಳೆದು ಪಟ್ಟಿ ಬರೆಯುವುದು ಅವನ ಕೆಲಸ. ಇಡೀ ಯಾರ್ಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ. ಎಲ್ಲರಿಗೂ ದಿವಾಣಜಿ, ನಮ್ಮ ಇಂಡಿ ಕಡೆಯ ಹಮಾಲರಿಗೆ ಮಾತ್ರ ಕಾಕಾ.

ಅವನ ರೂಢಿಗಳನ್ನು ಹೇಳದಿದ್ದರೆ ಮುಂದಿನ ಕತೆ ಹತ್ತುವುದಿಲ್ಲ. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಬಾಯಲ್ಲಿ ಒಂದು ಲವಂಗ. ಎಲೆ ಅಡಿಕೆ, ತಂಬಾಕು ಯಾವುದೂ ಇಲ್ಲ, ಲವಂಗ ಮಾತ್ರ. ಯೋಚನೆಗೆ ಕೂತನೆಂದರೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಿದ್ದ. ಯಾಕೆ ಹಾಗೆ ಅಂತ ಒಮ್ಮೆ ಕೇಳಿದ್ದೆ. “ಕೈಗೆ ತಲಿಗಿಂತ ಅವಸರ ಭಾಳ ಇರ್ತದ, ತಮ್ಮಾ. ಅದನ್ನ ಒಂದೀಟು ಹಿಡದ ಕೂಡಸಬೇಕು” ಅಂದ.

ಚದುರಂಗ ಅವನು ಊರಿನಿಂದ ತಂದದ್ದು, ನಮ್ಮ ಕಡೆ ಗುಡಿ ಕಟ್ಟೆಯ ಮೇಲೆ ಆಡುತ್ತಿದ್ದ ದೇಸೀ ಪದ್ಧತಿ. ಅದರಲ್ಲಿ ಪದಾತಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ರಾಜನಿಗೆ ಆನೆಯ ಜೊತೆ ಜಾಗ ಬದಲಿಸುವ ಕ್ಯಾಸಲಿಂಗ್ ಇಲ್ಲ. ಬದಲಿಗೆ, ಶಹಾ (ಚೆಕ್) ಬೀಳದಿದ್ದರೆ, ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಎದುರಾಳಿಯ ರಾಜನೊಬ್ಬನೇ ಉಳಿದು ಬೇರೆಲ್ಲ ಹೋದರೆ ಅದು ಬುರ್ಜಿ, ಪೂರ್ತಿ ಗೆಲುವಲ್ಲ. ಹೀಗೆ ಆಡುವವರ ಆಟ ನಿಧಾನ. ಆ ನಿಧಾನವೇ ಕಾಕಾನ ಮೈಯಲ್ಲಿ ಇಳಿದಿತ್ತು.

ಪುಣೆಯೂ ಈ ಆಟಕ್ಕೆ ಹೊಸದಲ್ಲ, ನೋಡಿ. ಪೇಶವೆ ಎರಡನೇ ಬಾಜೀರಾಯನಿಗಾಗಿ ತಿರುವೆಂಗಡಾಚಾರ್ಯ ಶಾಸ್ತ್ರಿಗಳು ಸಂಸ್ಕೃತದಲ್ಲಿ ವಿಲಾಸಮಣಿಮಂಜರಿ ಎಂಬ ಚದುರಂಗದ ಪುಸ್ತಕ ಬರೆದರು; 1814ರಲ್ಲಿ ಮುಂಬಯಿಯಲ್ಲಿ ಅವರದೇ ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ನಮ್ಮ ಕಡೆ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಕಾಲಿಡಿಸಿ ಓಡಿಸುವ ಬಂಧಗಳನ್ನು ರಚಿಸಿದವರು. ಅರಮನೆಯವರು ಆಡಿದ್ದಕ್ಕೆ ಪುಸ್ತಕ ಉಳಿಯಿತು. ಗುಡಿ ಕಟ್ಟೆಯವರು ಆಡಿದ್ದಕ್ಕೆ ಏನೂ ಉಳಿಯಲಿಲ್ಲ. ಅದಕ್ಕೇ ನಾನು ಕಾಕಾನ ಒಂದು ಆಟವನ್ನಾದರೂ ಹೇಳಿಟ್ಟು ಹೋಗಬೇಕು ಅಂತ ಕೂತಿದ್ದೇನೆ.

ಯಾರ್ಡಿನಲ್ಲಿ ಆಡುವ ಹೊತ್ತು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ. ಮಂಚರ್ ಕಡೆಯ ಉಳ್ಳಾಗಡ್ಡಿ, ಆಗ್ರಾದ ಬಟಾಟೆ, ಮಧ್ಯಪ್ರದೇಶದ ಬೆಳ್ಳುಳ್ಳಿ ತುಂಬಿದ ಲಾರಿಗಳು ರಾತ್ರಿಯೇ ಬಂದು ಸಾಲು ನಿಲ್ಲುತ್ತವೆ. ಮಾಲು ಇಳಿದ ಮೇಲೆ ತೂಕ ಶುರುವಾಗುವವರೆಗೆ ಕೆಲಸವಿಲ್ಲ. ಚೀಲದ ತಟ್ಟಿನ ಮೇಲೆ ಶಾಯಿಯಿಂದ ಗೀಚಿದ ಹಾಸು, ಬಿಸ್ಕೀಟಿನ ಡಬ್ಬಿಯಲ್ಲಿ ಕಾಯಿಗಳು. ಬೀಡ್ ಕಡೆಯ ಹಮಾಲರು, ಸೊಲ್ಲಾಪುರದವರು, ಪಂಜಾಬಿ ಡ್ರೈವರುಗಳು, ಯಾರು ಸಿಕ್ಕರೆ ಅವರು ಎದುರಿಗೆ. ಮಾತು ಬಾರದಿದ್ದರೂ ಶಹಾ, ಮಾತ್ ಎಲ್ಲರಿಗೂ ತಿಳಿಯುತ್ತಿತ್ತು.

ಅಲ್ಲೇ ಒಬ್ಬ ಸಾಂಗಲಿಯ ಡ್ರೈವರ್ ಬರುತ್ತಿದ್ದ, ಅರಿಷಿನದ ಲಾರಿಯವನು. ಸಾಂಗಲಿಯೆಂದರೆ ಅರಿಷಿನದ ಪೇಟೆ ಅಂತ ಎಲ್ಲರಿಗೂ ಗೊತ್ತು. ಬುದ್ಧಿಬಳದ, ಅಂದರೆ ಚದುರಂಗದ, ಊರೂ ಹೌದು. ಭಾವುಸಾಹೇಬ ಪಡಸಲಗೀಕರ್ ಬೆಳೆಸಿದ ನೂತನ ಬುದ್ಧಿಬಳ ಮಂಡಳ ಅಲ್ಲಿಯದು. ಈ ಮನುಷ್ಯ ಆ ಮಂಡಳದ ಬಾಗಿಲಲ್ಲಿ ನಿಂತು ಆಟ ನೋಡಿ ಕಲಿತವನಂತೆ. ಭುಸಾರ್ (ಕಾಳುಕಡಿ) ಸಾಲಿನಲ್ಲಿ ಮಾಲು ಇಳಿಸಿ, ಚಹಾಕ್ಕೆಂದು ಉಳ್ಳಾಗಡ್ಡಿ ಕಡೆ ಬರುವನು. ಪೂರ್ತಿ ಆಟ ಆಡಲು ಅವನಿಗೆ ಹೊತ್ತಿಲ್ಲ. ಆದ್ದರಿಂದ ನಾಲ್ಕೈದು ಕಾಯಿ ಮಾತ್ರ ಇಟ್ಟು, “ಇಲ್ಲಿಂದ ಗೆಲ್ಲು” ಅನ್ನುವನು, ಇಲ್ಲವೆ “ಇಲ್ಲಿಂದ ಉಳಿ” ಅನ್ನುವನು. ಒಂದು ರಾತ್ರಿ ಡಬ್ಬಿ ಸಿಗದೆ ಎರಡು ಬಟಾಟೆಯನ್ನು ಇಬ್ಬರು ರಾಜರಾಗಿಟ್ಟು, ಒಂದು ಹಸಿಮೆಣಸಿನಕಾಯಿಯನ್ನು ಒಂಟೆ (ಬಿಷಪ್) ಮಾಡಿ, ಬೆಳ್ಳುಳ್ಳಿ ಎಸಳೊಂದನ್ನು ಅಂಚಿನ ಸಾಲಿನ ಪದಾತಿ ಮಾಡಿ ಕಾಕಾನಿಗೆ ಒಂದು ವಿಷಯ ತೋರಿಸಿದನಂತೆ. ನಾನು ಅದನ್ನು ಕಣ್ಣಾರೆ ಕಂಡವನಲ್ಲ, ಕಾಕಾ ಹೇಳಿದ್ದು. ಹೇಳುವಾಗಲೆಲ್ಲ ಆ ಮೆಣಸಿನಕಾಯಿಯ ವಿಷಯ ಬಿಡುತ್ತಿರಲಿಲ್ಲ.

ಆಗ ನಾನು ಪುಣೆಯಲ್ಲಿ ಓದಲಿಕ್ಕೆಂದು ಅವನ ಮನೆಯಲ್ಲೇ ಇದ್ದೆ. ಯಾರ್ಡಿನ ರಸ್ತೆಯ ಒಂದು ಮಂಗಲ ಕಾರ್ಯಾಲಯದಲ್ಲಿ ರೇಟಿಂಗ್ ಪಂದ್ಯಾವಳಿ ಇದೆ ಎನ್ನುವ ಕಾಗದ ಅಂಟಿಸಿದ್ದನ್ನು ನೋಡಿ ಬಂದು, ಹೆಸರು ಕೊಡುತ್ತೀಯಾ ಅಂತ ಕೇಳಿದೆ. ಅವನ ಹೆಂಡತಿ, ನಮ್ಮ ಕಾಕು, ಒಲೆಯ ಮುಂದಿನಿಂದ, “ಹುಡುಗರ ನಡುವ ಈ ಮುದುಕ ಹೋಗಿ ಏನ್ ಮಾಡ್ತದ?” ಅಂದಳು. ಕಾಕಾ ಏನೂ ಅನ್ನಲಿಲ್ಲ. ಊಟ ಮುಗಿಸಿ ಕೈ ತೊಳೆದು ಬಂದು, “ಫೀ ಎಷ್ಟದ?” ಅಂತ ಕೇಳಿದ.

ಆಮೇಲಿನ ಕೆಲವು ರಾತ್ರಿ ನಾನವನಿಗೆ ನಡೆ ಬರೆಯುವುದನ್ನು ಕಲಿಸಿದೆ. ಪಂದ್ಯದಲ್ಲಿ ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕಲ್ಲ. ಕಾಯಿಗಳ ಹೆಸರಿನ ಮೊದಲಕ್ಷರವನ್ನು ಆಟಗಾರ ತನ್ನ ಭಾಷೆಯಲ್ಲೇ ಬರೆಯಬಹುದೆಂದು ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲೇ ಇದೆ. ಹಾಗಾಗಿ ಕಾಕಾ ಆನೆಗೆ ‘ಆ’, ಕುದುರೆಗೆ ‘ಕು’, ಒಂಟೆಗೆ ‘ಒಂ’ ಅಂತಲೇ ಬರೆದ. ಪಟ್ಟಿ ಬರೆದು ಪಳಗಿದ ಕೈ, ಅಕ್ಷರ ಮುತ್ತು ಪೋಣಿಸಿದ ಹಾಗೆ. ಪಂದ್ಯದ ದಿನ ಆರ್ಬಿಟರ್ ಹಾಳೆ ಎತ್ತಿ ನೋಡಿ, ಯಾವ ಲಿಪಿ ಅಂತ ಕೇಳಿ, ತಲೆಯಾಡಿಸಿ ಇಟ್ಟುಬಿಟ್ಟರು.

ಪಂದ್ಯದ ಹಿಂದಿನ ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ ಕಾರ್ಯಾಲಯಕ್ಕೆ ನಡೆದು ಹೋಗುವಾಗ ಯಾರ್ಡಿನ ಗೇಟಿನ ಬಳಿ ಉಳ್ಳಾಗಡ್ಡಿ ಸಿಪ್ಪೆ ತೊಯ್ದು ಕಾಲಿಗೆ ಮೆತ್ತಿಕೊಳ್ಳುತ್ತಿತ್ತು, ಮೆಣಸಿನಕಾಯಿ ಸಾಲಿನ ಘಾಟು ಮಳೆಗೆ ತಗ್ಗಿತ್ತು. ಒಳಗೆ ಮದುವೆಯ ಉದ್ದ ಮೇಜುಗಳನ್ನೇ ಜೋಡಿಸಿ ಹಾಸು ಹಾಕಿದ್ದರು. ಎಲ್ಲೆಲ್ಲೂ ಹುಡುಗರು, ಅವರ ಹಿಂದೆ ಡಬ್ಬಿ ಹಿಡಿದ ತಾಯಂದಿರು. ಪುಣೆ ಆ ಹೊತ್ತಿಗೆ ದೇಶಕ್ಕೆ ಗ್ರ್ಯಾಂಡ್‌ಮಾಸ್ಟರ್ ಅಭಿಜಿತ್ ಕುಂಟೆಯನ್ನು ಕೊಟ್ಟಾಗಿತ್ತು. ಪ್ರತಿ ತಾಯಿಯ ಕಣ್ಣಲ್ಲೂ ಆ ಹೆಸರು.

ಇನ್ನು, ದಿವಾಣಜಿಯೊಬ್ಬನಿಗೆ ಪಟ್ಟಿಯ ಮೇಲುಗಡೆಯ ಆಟಗಾರ ಸಿಕ್ಕಿದ್ದು ಹೇಗೆ ಅನ್ನುವುದನ್ನು ಹೇಳಬೇಕು. ಇದಕ್ಕೆ ಸ್ವಿಸ್ ಪದ್ಧತಿ ಅನ್ನುತ್ತಾರೆ. 1895ರಲ್ಲಿ ಝೂರಿಕ್‌ನ ಒಂದು ಪಂದ್ಯಾವಳಿಯಲ್ಲಿ ಮೊದಲು ಬಳಕೆಗೆ ಬಂದದ್ದು. ಸೋತವರು ಮನೆಗೆ ಹೋಗುವುದಿಲ್ಲ, ಎಲ್ಲರೂ ಎಲ್ಲ ಸುತ್ತು ಆಡುತ್ತಾರೆ. ಮೊದಲ ಸುತ್ತಿಗೆ ಪಟ್ಟಿಯನ್ನು ಬಲದ ಪ್ರಕಾರ ಬರೆದು ನಡುವೆ ಕತ್ತರಿಸುತ್ತಾರೆ. ಮೇಲರ್ಧದ ಮೊದಲನೆಯವನಿಗೆ ಕೆಳಗರ್ಧದ ಮೊದಲನೆಯವನು, ಎರಡನೆಯವನಿಗೆ ಎರಡನೆಯವನು. ರೇಟಿಂಗ್ ಇಲ್ಲದವರನ್ನು ಹೆಸರಿನ ಅಕ್ಷರದ ಕ್ರಮದಲ್ಲಿ ಕೂಡಿಸುತ್ತಾರೆ. ಅಂದು ರೇಟಿಂಗ್ ಇದ್ದವರು ಹೆಚ್ಚುಕಡಿಮೆ ಅರ್ಧ. ಕಾಕಾನ ಹೆಸರು ಅಕಾರದಿಂದ ಶುರು. ಹೀಗೆ ಕೆಳಗರ್ಧದ ತಲೆಯಲ್ಲೇ ಅವನು ಬಂದು ಕೂತ. ಮೇಲರ್ಧದ ತಲೆಯಿಂದ ಒಬ್ಬ ಹುಡುಗ ಎದುರಿಗೆ ಬಂದ. ಎರಡನೇ ಹಾಸೋ ಮೂರನೆಯದೋ, ಈಗ ನೆನಪು ಹಿಡಿತಕ್ಕೆ ಸಿಗುತ್ತಿಲ್ಲ.

ಹುಡುಗನಿಗೆ ಹನ್ನೊಂದೋ ಹನ್ನೆರಡೋ. ಕುರ್ಚಿಯ ಮೇಲೆ ಮಂಡಿಯೂರಿ ಕೂತರೆ ಮಾತ್ರ ಹಾಸು ಪೂರ್ತಿ ಕಾಣುತ್ತಿತ್ತು. ರೇಟಿಂಗ್ 1900ರ ಆಸುಪಾಸು. ಈ ಅಂಕಿಗಳ ಲೆಕ್ಕ ಕಟ್ಟಿದವರು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸಿದ ಆರ್ಪಾಡ್ ಎಲೋ. 1970ರಲ್ಲಿ ಫಿಡೆ ಅದನ್ನು ಒಪ್ಪಿಕೊಂಡಿತು. ಇಬ್ಬರ ನಡುವೆ 400 ಅಂಕದ ಅಂತರವಿದ್ದರೆ ಹನ್ನೊಂದು ಆಟಗಳಲ್ಲಿ ಹತ್ತು ಅಂಕ ಬಲಶಾಲಿಗೆ, ಒಂದು ದುರ್ಬಲನಿಗೆ ಅಂತ ಅವರ ಲೆಕ್ಕ ಹೇಳುತ್ತದೆ. ಕಾಕಾನಿಗೆ ಅಂಕಿಯೇ ಇರಲಿಲ್ಲ.

ಕೂತ ಕೂಡಲೇ ಕಾಕಾ ಆ ಹುಡುಗನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಹುಡುಗ ಗಾಬರಿಯಾಗಿ ಎದ್ದು ನಿಂತು ತಾನೂ ಕೈ ಮುಗಿದ. ಕೈ ಕುಲುಕುವುದು ರೂಢಿ ಅಂತ ನಾನು ಕಲಿಸಿದ್ದೆ, ಆದರೆ ಕಾಕಾನಿಗೆ ಹಾಸಿನ ಮುಂದೆ ಕೂತವರೆಲ್ಲ ಹಿರಿಯರೇ.

ಬಿಳಿ ಕಾಯಿ ಹುಡುಗನದು. ಮೊದಲ ಹತ್ತು ನಡೆಯ ನಿಖರ ಕ್ರಮ ನನಗೆ ನೆನಪಿಲ್ಲ, ಆದರೆ ಕಾಕಾ ಆಡುವ ಬಗೆ ಗೊತ್ತು: ಪದಾತಿಗಳನ್ನು ಒಂದೊಂದೇ ಮನೆ ಸರಿಸಿ, ಒಂಟೆಯನ್ನು ಮೂಲೆಯ ಓಣಿಯಲ್ಲಿ ಕೂಡಿಸಿ, ಎದುರಿನವನು ನಡುಮನೆ ಹಿಡಿದುಕೊಳ್ಳಲಿ ಅಂತ ಬಿಟ್ಟುಕೊಡುವುದು. ಬೆನ್ನ ಹಿಂದೆ ಇಬ್ಬರು ಕಾಲೇಜು ಹುಡುಗರು ಇಂಡಿಯನ್ ಡಿಫೆನ್ಸ್, ಇಂಡಿಯನ್ ಡಿಫೆನ್ಸ್ ಅಂತ ಪಿಸುಗುಟ್ಟುತ್ತಿದ್ದರು. ಆ ಹೆಸರು ಬಂದದ್ದೂ ಕಾಕಾನಂಥವರಿಂದಲೇ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಕಲ್ಕತ್ತೆಯ ಬ್ಯಾರಿಸ್ಟರ್ ಜಾನ್ ಕಾಕ್ರೇನ್‌ಗೆ ಬಂಗಾಳದ ಹಳ್ಳಿಗಾಡಿನ ಮಹೇಶ್ಚಂದ್ರ ಬ್ಯಾನರ್ಜಿ ಎಂಬ ಆಟಗಾರ ಸಿಕ್ಕಿದರು. ಕಾಕ್ರೇನ್ ಆ ಕಾಲದ ಬಲಿಷ್ಠ ಆಟಗಾರರಲ್ಲಿ ಒಬ್ಬರು. ಪದಾತಿಯನ್ನು ಒಂದೇ ಮನೆ ನಡೆಸಿ ಬೆಳೆದ ಬ್ಯಾನರ್ಜಿ ವಿಲಾಯತಿ ನಿಯಮದಲ್ಲೂ ಅದೇ ರೂಢಿಯಲ್ಲಿ ಆಡಿದರು. ಹೆಚ್ಚು ಆಟ ಸೋತರು, ಕೆಲವು ಗೆದ್ದರು. ಕಾಕ್ರೇನ್ ಬರೆದಿಟ್ಟು ಕಳಿಸಿದ ಆ ಆಟಗಳಿಂದ ಜಗತ್ತಿಗೆ ಇಂಡಿಯನ್ ಡಿಫೆನ್ಸ್ ಎಂಬ ಹೆಸರು ಬಂತು. ದೊಡ್ಡವನೊಬ್ಬ ಚಿಕ್ಕವನ ಜೊತೆ ಕೂತು ಆಡಿದ್ದರಿಂದ ಉಳಿದ ವಿದ್ಯೆ ಅದು.

ಆಟಕ್ಕೆ ಬರುತ್ತೇನೆ. ಮೊದಲ ಒಂದು ತಾಸು ಕಾಕಾನಿಗೆ ಒಳ್ಳೆಯದಾಗಲಿಲ್ಲ. ನಡೆ ಮಾಡಿ ಗಡಿಯಾರ ಒತ್ತುವುದನ್ನು ಮರೆಯುತ್ತಿದ್ದ. ಹುಡುಗ ಒಳ್ಳೆಯ ಮನೆತನದವನು; ಎರಡು ಸಲ ಬೆರಳು ತೋರಿಸಿ ನೆನಪು ಮಾಡಿದ. ನಿಯಮದಲ್ಲಿ ಅವನು ಹಾಗೆ ಮಾಡಬೇಕಾದ್ದಿಲ್ಲ, ಸುಮ್ಮನಿದ್ದರೆ ಅವನಿಗೇ ಲಾಭ. ಕುದುರೆಯೊಂದು ಎರಡು ಕಡೆ ಏಟು ಹಾಕಿ ಕಾಕಾನ ಆನೆ ಹೋಯಿತು, ಬದಲಿಗೆ ಆ ಕುದುರೆ ಸಿಕ್ಕಿತು. ಆಮೇಲೆ ಒಂದು ಪದಾತಿ ಹೋಯಿತು. ಅಕ್ಕಪಕ್ಕದ ಹಾಸುಗಳು ಒಂದೊಂದಾಗಿ ಮುಗಿದವು. ಮೇಲರ್ಧದವರಲ್ಲಿ ಹೆಚ್ಚಿನವರು ಗೆದ್ದು ಎದ್ದು ಡಬ್ಬಿ ಬಿಚ್ಚಿ ಕೂತರು. ಹುಡುಗನ ತಾಯಿ ಎರಡು ಸಲ ಬಂದು ಹಣಿಕಿ ಹೋದಳು, ಪೋಳಿಯ ಸುರುಳಿ ಕೈಯಲ್ಲಿ ಹಿಡಿದೇ.

ನನಗೆ ಹಸಿವಾಗಿತ್ತು. ಕಾಕಾ ಗೆಲ್ಲಲಿ ಸೋಲಲಿ, ಮಧ್ಯಾಹ್ನ ‘ಕಷ್ಟಾಚಿ ಭಾಕರ್’ಗೆ ಹೋಗುವುದು ಅಂತ ಮಾತಾಗಿತ್ತು. ಪುಣೆ ಕಾಣದವರಿಗೆ ಅದರ ವಿಷಯ ಹೇಳಬೇಕು. ಬಾಬಾ ಆಢಾವರು ಕಟ್ಟಿದ ಹಮಾಲ ಪಂಚಾಯತಿ 1974ರಲ್ಲಿ ಶುರು ಮಾಡಿದ ಅನ್ನದ ಮನೆ ಅದು. ದುಡಿದವರ ರೊಟ್ಟಿಗಾಗಿ ದುಡಿದವರೇ ನಡೆಸುವ ಅಂಗಡಿ. ಲಾಭ ಹೊಡೆಯುವ ಮಾಲೀಕನಿಲ್ಲ. ಬಿಸಿ ಜೋಳದ ಭಾಕರಿ, ಝುಣಕ, ಹಸಿಮೆಣಸಿನಕಾಯಿ ಠೇಚಾ, ಒಂದು ಹಸಿ ಉಳ್ಳಾಗಡ್ಡಿ. ಕಾಕಾ ಉಳ್ಳಾಗಡ್ಡಿಯನ್ನು ಎಂದೂ ಕೊಯ್ಯಿಸಿ ತಿಂದವನಲ್ಲ, ಗುದ್ದಿ ಒಡೆಯುವನು. ಹಮಾಲರಿಗೆ 1969ರ ಮಾಥಾಡಿ ಕಾನೂನು ಬಂದದ್ದು, ನೂರು ಕಿಲೋದ ಚೀಲ ಐವತ್ತಕ್ಕೆ ಇಳಿದದ್ದು, ಇವೆಲ್ಲ ಹೋರಾಡಿ ಪಡೆದವು. ಆ ಭಾಕರಿಯ ಮುಂದೆ ಕೂತರೆ ಕಾಕಾ ಇದನ್ನೆಲ್ಲ ಹೇಳದೆ ತುತ್ತು ಎತ್ತುತ್ತಿರಲಿಲ್ಲ.

ಅಂದು ಆ ಭಾಕರಿ ತಡವಾಯಿತು. ಯಾಕೆಂದರೆ ಕಾಕಾ ಸೋಲಲೊಲ್ಲ.

ಉಳಿದ ಆನೆಗಳೂ ಒಂದೊಂದಾಗಿ ಹೋದವು. ಮಂತ್ರಿಗಳು ಮೊದಲೇ ಹೋಗಿದ್ದರು. ಕೊನೆಗೆ ಹಾಸಿನ ಮೇಲೆ ಉಳಿದದ್ದು: ಹುಡುಗನಿಗೆ ರಾಜ, ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ, ಬಲಗಡೆ ಅಂಚಿನ ಎಚ್ ಸಾಲಿನ ಪದಾತಿ, ಅದರ ಪಕ್ಕದ ಜಿ ಸಾಲಿನ ಪದಾತಿ. ಕಾಕಾನಿಗೆ ರಾಜ ಮತ್ತು ಒಂದೇ ಒಂದು ಕುದುರೆ. ಹುಡುಗನ ತರಬೇತಿಯ ಸರ್ ಬಂದು ಹಿಂದೆ ನಿಂತಿದ್ದರು. ಎರಡು ಪದಾತಿ ಕೈಕೈ ಹಿಡಿದು ಬಂದರೆ ಒಂದು ಮಂತ್ರಿಯಾಗುವುದು ಖಂಡಿತ. ನಾನು ಮನಸ್ಸಿನಲ್ಲೇ ಭಾಕರಿಗೆ ಹೊರಟೆ.

ಕಾಕಾ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂತ. ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದ. ಗಡಿಯಾರದಲ್ಲಿ ಅವನ ಹೊತ್ತು ಬಹಳ ಉಳಿದಿರಲಿಲ್ಲ. ಆಮೇಲೆ ಬಲಗೈ ಹೊರಗೆ ತೆಗೆದು, ಕುದುರೆಯನ್ನು ಹಾರಿಸಿ, ಜಿ ಸಾಲಿನ ಪದಾತಿಯನ್ನು ತಿಂದುಬಿಟ್ಟ. ಆ ಪದಾತಿಯ ಬೆನ್ನಿಗೇ ಬಿಳಿ ರಾಜ ನಿಂತಿದ್ದ.

ನೋಡುತ್ತಿದ್ದವರ ಬಾಯಿಂದ ಅಯ್ಯೋ ಅನ್ನುವ ದನಿ ಬಂತು. ಕಡೆಯ ಕುದುರೆಯನ್ನೇ ಕೊಟ್ಟನಲ್ಲ! ಹುಡುಗ ತಡ ಮಾಡಲಿಲ್ಲ, ರಾಜನಿಂದ ಕುದುರೆಯನ್ನು ಎತ್ತಿದ. ನಾನು ತಿರುಗಿ ನೋಡಿದರೆ ಹುಡುಗನ ಸರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಆ ಹೊತ್ತಿಗೆ ಆ ಕೋಣೆಯಲ್ಲಿ ಮುಂದೇನಾಗುತ್ತದೆ ಎಂದು ತಿಳಿದವರು ಇಬ್ಬರೇ, ಕಾಕಾ ಮತ್ತು ಆ ಸರ್.

ವಿಷಯ ಇಷ್ಟು. ಅಂಚಿನ ಪದಾತಿ ಮಂತ್ರಿಯಾಗಬೇಕಾದ ಮನೆ ಹಾಸಿನ ಮೂಲೆ, ಎಚ್ ಸಾಲಿನ ಎಂಟನೆಯದು. ಅದು ಕಪ್ಪು ಮನೆ. ಹುಡುಗನ ಒಂಟೆ ಬಿಳಿ ಮನೆಯದು, ಹುಟ್ಟಿದಲ್ಲಿಂದ ಸಾಯುವವರೆಗೆ ಅದು ಕಪ್ಪು ಮನೆಗೆ ಕಾಲಿಡುವುದಿಲ್ಲ. ಎದುರಾಳಿಯ ರಾಜ ಆ ಮೂಲೆ ಸೇರಿದರೆ ಅಲ್ಲಿಂದ ಅವನನ್ನು ಎಬ್ಬಿಸಲು ಒಂಟೆಗೆ ಸಾಧ್ಯವೇ ಇಲ್ಲ. ಮನೆಗಳನ್ನೆಲ್ಲ ಮುಚ್ಚುತ್ತ ಬಂದರೆ ರಾಜನಿಗೆ ಶಹಾ ಇಲ್ಲ, ನಡೆಯಲು ಜಾಗವೂ ಇಲ್ಲ, ಅಂದರೆ ಸ್ಟೇಲ್‌ಮೇಟ್, ಆಟ ಸಮ. ಒಂದು ಒಂಟೆ, ಒಂದು ಪದಾತಿ ಹೆಚ್ಚಿದ್ದರೂ ಗೆಲುವಿಲ್ಲ. ವಿಶ್ವನಾಥನ್ ಆನಂದರೇ ಬಂದು ಬಿಳಿಯ ಕಡೆ ಕೂತರೂ ಇಲ್ಲ. ಜಿ ಸಾಲಿನ ಪದಾತಿ ಇದ್ದಿದ್ದರೆ ಬೇರೆ ಮಾತು. ಅದಕ್ಕೇ ಕಾಕಾ ಅದರ ಬೆಲೆಗೆ ಕುದುರೆ ಕೊಟ್ಟಿದ್ದು. ಸಾಂಗಲಿಯವನು ಬಟಾಟೆ, ಮೆಣಸಿನಕಾಯಿ, ಬೆಳ್ಳುಳ್ಳಿ ಎಸಳು ಇಟ್ಟು ತೋರಿಸಿದ್ದು ಇದನ್ನೇ.

ಕಾಕಾನ ರಾಜ ಎರಡು ಹೆಜ್ಜೆಯಲ್ಲಿ ಮೂಲೆ ಸೇರಿದ. ಹುಡುಗ ಮೊದಲು ಚುರುಕಾಗಿ ಆಡಿದ, ಆಮೇಲೆ ನಿಧಾನವಾದ, ಆಮೇಲೆ ಕುರ್ಚಿಯಿಂದ ಮಂಡಿ ಇಳಿಸಿ ಸರಿಯಾಗಿ ಕೂತ. ಒಂಟೆಯನ್ನು ಆ ಓಣಿ ಈ ಓಣಿ ತಿರುಗಿಸಿದ. ಕಾಕಾ ಮೂಲೆಯಿಂದ ಪಕ್ಕದ ಮನೆಗೆ, ಮತ್ತೆ ಮೂಲೆಗೆ. ಅಷ್ಟೇ. ಹುಡುಗ ಎಲ್ಲಾ ದಾರಿ ಹುಡುಕಿ ನೋಡಿದ, ಅವನ ಛಲ ದೊಡ್ಡದು. ಕೊನೆಗೆ ಅವನ ರಾಜ ಆರನೇ ಸಾಲಿಗೆ ಬಂದು, ಪದಾತಿ ಪಕ್ಕಕ್ಕೆ ಬಂದು, ಒಂಟೆ ದೂರದಿಂದ ಪಕ್ಕದ ಮನೆಯನ್ನು ಮುಚ್ಚಿತು. ಕಾಕಾ ಕೈ ಹೊರಗೆ ತೆಗೆಯಲಿಲ್ಲ. ಹಾಸು ನೋಡಿ, ಹುಡುಗನ ಮುಖ ನೋಡಿ, “ಬಾಳಾ, ಮಲಾ ಚಾಲ್ ನಾಹೀ” ಅಂದ, ಮಗಾ, ನನಗೆ ನಡೆ ಇಲ್ಲ ಅಂತ. ಆರ್ಬಿಟರ್ ಬಂದರು, ನೋಡಿದರು, ಇಬ್ಬರ ಹಾಳೆಯಲ್ಲೂ ಅರ್ಧ ಅರ್ಧ ಬರೆಸಿ ಸಹಿ ಹಾಕಿಸಿದರು.

ಹುಡುಗನ ಕಣ್ಣು ತುಂಬಿದ್ದವು. ಅಳಲಿಲ್ಲ, ತಡೆದುಕೊಂಡ. ಕೈ ಚಾಚಿದ, ಕಾಕಾ ಈ ಸಲ ಎರಡೂ ಕೈಯಲ್ಲಿ ಆ ಕೈ ಹಿಡಿದುಕೊಂಡ. “ಕಾಕಾ, ಹೇ ಕುಠಂ ಶಿಕಲಾತ?” ಅಂತ ಹುಡುಗ ಕೇಳಿದ, ಇದನ್ನು ಎಲ್ಲಿ ಕಲಿತಿರಿ ಅಂತ. “ಕಾಂದಾ-ಬಟಾಟಾ ವಿಭಾಗಾತ” ಅಂದ ಕಾಕಾ. ಹುಡುಗನಿಗೆ ಅರ್ಥವಾಗಲಿಲ್ಲವೇನೋ, ಸರ್ ಮುಖ ನೋಡಿದ. ಆಗ ಕಾಕಾ ಹಾಸಿನ ಮೇಲೆ ಕಾಯಿಗಳನ್ನು ಮತ್ತೆ ಇಟ್ಟು, ಕುದುರೆ ಹಾರುವ ಮೊದಲಿನ ಸ್ಥಿತಿ ಮಾಡಿ, “ಇಲ್ಲಿ ನೀ ರಾಜಾನ್ನ ಈ ಕಡಿ ಇಟ್ಟಿದ್ರ ನನ್ನ ಕುದುರಿಗೆ ದಾರಿ ಇರ್ತಿರಲಿಲ್ಲ” ಅಂತ ತನಗೇ ಹೇಳಿಕೊಂಡವನ ಹಾಗೆ ಕನ್ನಡದಲ್ಲಿ ಹೇಳುತ್ತ ಕಾಯಿ ಸರಿಸಿ ತೋರಿಸಿದ. ಭಾಷೆ ತಿಳಿಯದಿದ್ದರೂ ಹುಡುಗ ತಲೆಯಾಡಿಸಿದ. ಸರ್ ಕೂಡ ಬಗ್ಗಿ ನೋಡಿ, ಹೌದು ಅಂದರು. ತಾಯಿ ಪೋಳಿಯ ಸುರುಳಿಯನ್ನು ಮೊದಲು ಕಾಕಾನ ಕಡೆ ಚಾಚಿದಳು. ಕಾಕಾ ಅದರಲ್ಲಿ ಅರ್ಧ ಮುರಿದುಕೊಂಡು ಉಳಿದರ್ಧ ಹುಡುಗನಿಗೆ ಕೊಟ್ಟ. ಒಳಗೆ ಸಕ್ಕರೆ ತುಪ್ಪ ಸವರಿತ್ತು ಅಂತ ದಾರಿಯುದ್ದಕ್ಕೂ ಹೇಳುತ್ತ ಬಂದ.

ಆಗಿನ ನಿಯಮದ ಪ್ರಕಾರ ರೇಟಿಂಗ್ ಇಲ್ಲದವನ ಜೊತೆ ಆಡಿದ ಆಟ ಹುಡುಗನ ಅಂಕಿಗೆ ಸೇರುವುದಿಲ್ಲ, ಹಾಗಾಗಿ ಅವನಿಗೆ ಅಲ್ಲಿ ನಷ್ಟವಾಗಲಿಲ್ಲ. ನನಗಂತೂ ಆ ಹುಡುಗನ ಮೇಲೆ ಇವತ್ತಿಗೂ ಗೌರವವಿದೆ. ಗೆಲ್ಲಬೇಕಾದ ಆಟ ಕೈಬಿಟ್ಟಾಗ ಎದುರಿನವನಿಗೆ ನೀವು ಎಲ್ಲಿ ಕಲಿತಿರಿ ಅಂತ ಕೇಳುವವರು ದೊಡ್ಡವರಲ್ಲೂ ಕಡಿಮೆ.

ನಮ್ಮ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಮ್ಯಾನ್ಯುಯಲ್ ಆರನ್ ಅವರ ವಿಷಯವನ್ನು ಅಂದು ಊಟದ ಹೊತ್ತಿಗೆ ಕಾಕಾನಿಗೆ ಹೇಳಿದ್ದೆ. 1962ರಲ್ಲಿ ಸ್ಟಾಕ್‌ಹೋಮ್‌ನ ಇಂಟರ್‌ಜೋನಲ್‌ಗೆ ಅವರು ಹೋದರು. ಕಲಿಸುವವರೂ ಪುಸ್ತಕವೂ ಸಿಗುವುದು ಕಷ್ಟವಾಗಿದ್ದ ದೇಶದಿಂದ ಹೋದವರು. ಪಟ್ಟಿಯಲ್ಲಿ ಕೊನೆಯ ಸ್ಥಾನ ಬಂತು. ಆದರೆ ಅದೇ ಪಂದ್ಯಾವಳಿಯಲ್ಲಿ ಹಂಗೇರಿಯ ಲಾಯೋಶ್ ಪೋರ್ಟಿಶ್, ಪೂರ್ವ ಜರ್ಮನಿಯ ವೋಲ್ಫ್‌ಗಾಂಗ್ ಉಲ್‌ಮಾನ್, ಜಗತ್ತು ಅಂಜುತ್ತಿದ್ದ ಈ ಇಬ್ಬರನ್ನೂ ಸೋಲಿಸಿದರು. ಕಾಕಾ ಉಳ್ಳಾಗಡ್ಡಿ ಗುದ್ದುವುದನ್ನು ನಿಲ್ಲಿಸಿ ಕೇಳಿದ. ಕೇಳಿ, “ಕಡೀಕ ಬಂದಾನಂತ ಕರೀದ ಇದ್ರ ಆ ಎರಡ ಆಟ ಎಲ್ಲಿ ಆಡ್ತಿದ್ದಾಂವ?” ಅಂದ. ಇನ್ನೊಂದು ಭಾಕರಿ ಹೇಳಿದ.

ಮಧ್ಯಾಹ್ನದ ಸುತ್ತಿನಲ್ಲಿ ಅರ್ಧ ಅಂಕದವರ ಗುಂಪಿನಿಂದ ಕಾಲೇಜು ಹುಡುಗಿಯೊಬ್ಬಳು ಬಂದು ಕಾಕಾನನ್ನು ಇಪ್ಪತ್ತು ನಡೆಯೊಳಗೆ ಮುಗಿಸಿದಳು. ರವಿವಾರ ಯಾರ್ಡಿನಲ್ಲಿ ವಾರದ ದೊಡ್ಡ ಬಜಾರು. ಬೆಳಗಿನ ಜಾವ ಪಟ್ಟಿ ಬರೆದು ಮುಗಿಸಿ, ಟೊಪ್ಪಿಗೆಯ ಮೇಲಿನ ಮಣ್ಣು ಝಾಡಿಸದೆ ಓಡಿ ಬಂದು ಉಳಿದ ಸುತ್ತು ಆಡಿದ. ಒಟ್ಟು ಎರಡೂವರೆ ಅಂಕ ಬಂತು ಅಂತ ನನ್ನ ನೆನಪು. ಕಾಕು ಮೂರು ಅನ್ನುತ್ತಿದ್ದಳು. ಹುಡುಗ ಮೊದಲನೆಯವನಾಗಲಿಲ್ಲ, ಆದರೆ ಬಹುಮಾನದ ಸಾಲಿನಲ್ಲಿ ನಿಂತಿದ್ದ. ಕಾಕಾ ಮತ್ತೆ ಪಂದ್ಯಾವಳಿ ಆಡಲಿಲ್ಲ. ಆಟ ಬಿಡಲಿಲ್ಲ, ಲಾರಿ ಬರುವ ಹೊತ್ತಿನ ಆಟ ಅವನು ಗಾದಿ ಬಿಡುವವರೆಗೂ ನಡೆಯಿತು.

ಪುಣೆ ಈಗ ಚೆಸ್‌ನಲ್ಲಿ ಬಹಳ ದೂರ ಬಂದಿದೆ. 2025ರ ಏಪ್ರಿಲ್‌ನಲ್ಲಿ ಇಲ್ಲೇ ನಡೆದ ಮಹಿಳೆಯರ ಗ್ರ್ಯಾಂಡ್ ಪ್ರೀಯನ್ನು ಕೊನೇರು ಹಂಪಿ ಗೆದ್ದರು. ಸಂತೋಷ. ಆದರೆ ಊರಿನ ಪಂದ್ಯಾವಳಿಗಳ ಕಾಗದ ನೋಡಿದರೆ 1600ರ ಕೆಳಗಿನವರಿಗೆ, 1800ರ ಕೆಳಗಿನವರಿಗೆ ಅಂತ ಬೇರೆ ಬೇರೆ ಕೋಣೆಗಳಾಗಿವೆ. 2024ರ ಮಾರ್ಚಿನಿಂದ 1400ಕ್ಕಿಂತ ಕೆಳಗಿನವರಿಗೆ ಫಿಡೆ ಪಟ್ಟಿಯಲ್ಲೇ ಜಾಗವಿಲ್ಲ. ಸಮಬಲದವರು ಆಡಿ ಬಹುಮಾನ ಹಂಚಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಇದರಲ್ಲಿ ನಷ್ಟ ಎರಡೂ ಕಡೆಗಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ಹುಡುಗನಿಗೆ ಮೂಲೆಯ ಕರಿ ಮನೆಯ ಪಾಠ ಅವನ ಸಮಾನರ ಕೋಣೆಯಲ್ಲಿ ಅಷ್ಟು ಬೇಗ ಸಿಗುತ್ತಿತ್ತೇ? ಕಾಕಾನಿಗೆ ಅಂಥ ಹುಡುಗ ಎಲ್ಲಿ ಸಿಗುತ್ತಿದ್ದ?

ಹುಬ್ಬಳ್ಳಿಯಲ್ಲಾಗಲಿ, ಶಿವಮೊಗ್ಗದಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ, ಪಂದ್ಯಾವಳಿ ನಡೆಸುವ ಕನ್ನಡದ ಬಂಧುಗಳಲ್ಲಿ ನನ್ನದೊಂದು ಬೇಡಿಕೆ. ವರ್ಷಕ್ಕೆ ಒಂದನ್ನಾದರೂ ಯಾವ ಮಿತಿಯೂ ಇಲ್ಲದೆ ಎಲ್ಲರಿಗೂ ತೆರೆದಿಡಿ. ಫೀ ಕಡಿಮೆ ಇರಲಿ. ಕಾಗದವನ್ನು ಎಪಿಎಂಸಿ ಗೇಟಿನ ಹತ್ತಿರವೂ ಒಂದು ಅಂಟಿಸಿ, ದಿನ ಮಾತ್ರ ಪೇಟೆಯ ಸೂಟಿಯ ದಿನ ನೋಡಿ ಇಡಿ.